ಹಿಂಭಾಗ ಕುಗ್ಗಿದ ಟ್ಯಾಕ್ಸಿ: 2.4 ಲಕ್ಷ ಕಿ.ಮೀ. ಓಡಿದ ಕಾರಿನ ಶಾಕ್, ಸ್ಪ್ರಿಂಗ್ ಬದಲಿಸಿದ ಪ್ರಕರಣ

ಇದು ದಾವಣಗೆರೆಯ ಒಂದು ಟ್ಯಾಕ್ಸಿಯ ಪ್ರಕರಣ. ಮಾಲೀಕರೇ ಡ್ರೈವರ್. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಅವರ ಹೆಸರು, ಗಾಡಿ ನಂಬರ್, ಕಾರಿನ ಕಂಪನಿ, ಗ್ಯಾರೇಜುಗಳ ಹೆಸರು ಯಾವುದೂ ಇಲ್ಲಿ ಬರುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಅಳತೆ, ಖರ್ಚು, ಕೆಲಸ ನಡೆದ ಕ್ರಮ ಇದ್ದ ಹಾಗೇ ಇವೆ. ನಾನು ಆಟೋಮೊಬೈಲ್ ಪಾಠ ಹೇಳುವವನು. ಕೊನೆಯ ರಿಪೇರಿ ನಡೆದ ಗ್ಯಾರೇಜಿಗೆ ನನ್ನ ವಿದ್ಯಾರ್ಥಿಗಳು ಕೆಲಸ ಕಲಿಯಲು ಹೋಗುತ್ತಾರೆ. ಹಾಗಾಗಿ ಈ ಗಾಡಿಯನ್ನು ಬಿಚ್ಚುವುದರಿಂದ ಹಿಡಿದು ಜೋಡಿಸುವವರೆಗೂ ಪಕ್ಕದಲ್ಲೇ ನಿಂತು ನೋಡಲು ಆಯಿತು.

ಇಲ್ಲಿ ಯಾರೂ ಬೇಕಂತಲೇ ಮೋಸ ಮಾಡಿಲ್ಲ. ಪ್ರತಿ ಸಲ ಮಾಡಿದ ರಿಪೇರಿಗೂ ಒಂದು ಕಾರಣ ಇತ್ತು. ಆದರೂ ಒಂದೂವರೆ ವರ್ಷ ದುಡ್ಡು ಹೋಗುತ್ತಲೇ ಇತ್ತು. ಸ್ಪ್ರಿಂಗ್ ಕೆಲಸ ಯಾವುದು, ಶಾಕ್ (ಶಾಕ್ ಅಬ್ಸಾರ್ಬರ್) ಕೆಲಸ ಯಾವುದು ಅಂತ ಯಾರೂ ಬೇರೆ ಮಾಡಿ ನೋಡಲಿಲ್ಲ. ಅದಕ್ಕೇ ಈ ಪ್ರಕರಣವನ್ನು ಬರೆದಿಡಬೇಕು ಅನ್ನಿಸಿತು.

ಗಾಡಿ ಮತ್ತು ಅದರ ದುಡಿಮೆ

ಡೀಸೆಲ್ ಸೆಡಾನ್. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಶಾಕ್ ಮತ್ತು ಸ್ಪ್ರಿಂಗ್ ಒಂದೇ ಜೋಡಣೆಯಲ್ಲಿ. ಹಿಂದೆ ಟಾರ್ಷನ್ ಬೀಮ್, ಅಂದರೆ ಹಿಂದಿನ ಎರಡು ಚಕ್ರಗಳನ್ನು ಸೇರಿಸುವ ಅಡ್ಡ ತೊಲೆ, ಅದರಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಮಾಲೀಕರು ಇದನ್ನು 1.6 ಲಕ್ಷ ಕಿ.ಮೀ. ಆದಾಗ ಸೆಕೆಂಡ್‌ಹ್ಯಾಂಡ್ ಕೊಂಡಿದ್ದರು. ಶಾಕ್, ಸ್ಪ್ರಿಂಗ್ ಎಲ್ಲ ಗಾಡಿ ಜೊತೆ ಬಂದ ಮೂಲ ಮಾಲೇ ಆಗಿದ್ದವು.

ದುಡಿಮೆ ಎರಡು ಥರ. ಒಂದು, ಹೈವೇ: ಬೆಂಗಳೂರಿನ ಆಸ್ಪತ್ರೆಗೆ, ಏರ್‌ಪೋರ್ಟಿಗೆ ಬಾಡಿಗೆ. ಇನ್ನೊಂದು, ಸುತ್ತಲಿನ ಊರುಗಳು: ಅಮಾವಾಸ್ಯೆಗೆ ಉಕ್ಕಡಗಾತ್ರಿ, ಜಾತ್ರೆಗೆ ನಾಯಕನಹಟ್ಟಿ, ಮದುವೆ ಸೀಜನ್‌ನಲ್ಲಿ ಜಗಳೂರು, ಚನ್ನಗಿರಿ ಕಡೆಯ ಹಳ್ಳಿಗಳು. ಐದು ಜನ ಪೂರ್ತಿ, ಡಿಕ್ಕಿ ತುಂಬ ಲಗೇಜು, ಒಮ್ಮೊಮ್ಮೆ ಮೇಲೆ ಕ್ಯಾರಿಯರ್. ಹಿಂದಿನ ಸ್ಪ್ರಿಂಗಿಗೆ ಬಿಡುವೇ ಇರಲಿಲ್ಲ.

ಶುರುವಾದದ್ದು ಶಬ್ದದಿಂದ

2.2 ಲಕ್ಷದ ಹೊತ್ತಿಗೆ ಹಿಂದಿನಿಂದ ಗುಂಯ್ ಎನ್ನುವ ಶಬ್ದ ಶುರುವಾಯಿತು. ಸ್ಪೀಡ್ ಏರಿದಂತೆ ಶಬ್ದವೂ ಏರುತ್ತಿತ್ತು. ಮೊದಲ ಗ್ಯಾರೇಜಿನವರು ವೀಲ್ ಬೇರಿಂಗ್ ಎಂದರು, ಬದಲಿಸಿದರು. ಸುಮಾರು 2,800 ರೂಪಾಯಿ ಆಯಿತು. ಶಬ್ದ ಹಾಗೇ ಉಳಿಯಿತು.

ಶಬ್ದ ಬರುತ್ತಿದ್ದದ್ದು ಟೈರಿನಿಂದ. ಹಿಂದಿನ ಟೈರಿನ ಮೇಲೆ ಅಂಗೈ ಸವರಿದರೆ ಸಾಕಿತ್ತು, ಸುತ್ತಲೂ ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು ಕೈಗೆ ಸಿಗುತ್ತಿತ್ತು. ಶಾಕ್ ಹೋದಾಗ ಚಕ್ರ ರಸ್ತೆಗೆ ಅಂಟಿಕೊಂಡು ಓಡುವುದಿಲ್ಲ, ಸಣ್ಣಗೆ ಕುಣಿಯುತ್ತಾ ಓಡುತ್ತದೆ. ನೆಲಕ್ಕೆ ಜೋರಾಗಿ ಬಿದ್ದ ಕಡೆ ಜಾಸ್ತಿ ಸವೆಯುತ್ತದೆ, ಎದ್ದ ಕಡೆ ಕಡಿಮೆ. ಬೇರಿಂಗ್ ಶಬ್ದಕ್ಕೂ ಟೈರ್ ಶಬ್ದಕ್ಕೂ ವ್ಯತ್ಯಾಸ ತಿಳಿಯಲು ಸುಲಭದ ದಾರಿ ಇದೆ. ಉದ್ದನೆಯ ತಿರುವಿನಲ್ಲಿ ಗಾಡಿಯ ಭಾರ ಒಂದು ಕಡೆಗೆ ವಾಲಿದಾಗ ಬೇರಿಂಗ್ ಶಬ್ದ ಸಾಮಾನ್ಯವಾಗಿ ಏರುತ್ತದೆ ಅಥವಾ ಇಳಿಯುತ್ತದೆ. ಟೈರ್ ಶಬ್ದ ಅಷ್ಟಾಗಿ ಬದಲಾಗುವುದಿಲ್ಲ. ಚಕ್ರ ಎತ್ತಿ, ಒಂದು ಕೈ ಸ್ಪ್ರಿಂಗ್ ಮೇಲಿಟ್ಟು ತಿರುಗಿಸಿದರೆ ಕೆಟ್ಟ ಬೇರಿಂಗಿನ ಗರಗರ ಬೆರಳಿಗೆ ಬರುತ್ತದೆ. ಇವೆರಡನ್ನೂ ಅಲ್ಲಿ ಮಾಡಲಿಲ್ಲ.

ಇನ್ನೊಂದು ಲಕ್ಷಣವೂ ಇತ್ತು. ರಾತ್ರಿ ಹೈವೇಯಲ್ಲಿ ಎದುರಿನ ಲಾರಿಗಳು ಪದೇ ಪದೇ ಲೈಟ್ ಹೊಡೆಯುತ್ತಿದ್ದವು. ಮಾಲೀಕರು ಹೆಡ್‌ಲೈಟ್ ಮಟ್ಟ ಇಳಿಸುವ ಸ್ವಿಚ್ಚನ್ನು ಕೊನೆಯ ಗೆರೆಗೆ ತಿರುಗಿಸಿ ಅಲ್ಲೇ ಬಿಟ್ಟಿದ್ದರು. ಖಾಲಿ ಗಾಡಿಯಲ್ಲೂ ಅದು ಅಲ್ಲೇ ಇತ್ತು. ಹಿಂಭಾಗ ಕುಗ್ಗಿದರೆ ಮೂತಿ ಮೇಲೇಳುತ್ತದೆ, ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಗಾಡಿ ತನ್ನ ಕಾಯಿಲೆಯನ್ನು ಅಷ್ಟು ಸ್ಪಷ್ಟವಾಗಿ ಹೇಳುತ್ತಿತ್ತು. ಆದರೆ ಲೈಟಿನ ದೂರನ್ನು ಗ್ಯಾರೇಜಿನಲ್ಲಿ ಯಾರೂ ಕೇಳಲಿಲ್ಲ, ಮಾಲೀಕರೂ ಹೇಳಲಿಲ್ಲ. ಲೈಟಿಗೂ ಸ್ಪ್ರಿಂಗಿಗೂ ಏನು ಸಂಬಂಧ ಅಂದುಕೊಂಡಿದ್ದರು.

ಶಾಕ್ ಹಾಕಿದರು, ಆಮೇಲೆ ಬಫರ್

ಹಿಂದಿನ ಎಡ ಶಾಕ್‌ನಿಂದ ಆಯಿಲ್ ಇಳಿಯುತ್ತಿರುವುದು ಬೇರಿಂಗ್ ಹಾಕುವಾಗಲೇ ಕಂಡಿತ್ತು. ಸ್ವಲ್ಪ ದಿನದಲ್ಲೇ ಹಿಂದಿನ ಎರಡೂ ಶಾಕ್ ಹೊಸದು ಹಾಕಿಸಿದರು. ಕೂಲಿ ಸೇರಿ 5,300. ಜೋಡಿಯಾಗಿ ಹಾಕಿಸಿದ್ದು ಸರಿಯಾದ ನಿರ್ಧಾರವೇ. ಆನಗೋಡು, ಭರಮಸಾಗರದ ಕಡೆ ಹೈವೇಯಲ್ಲಿ ಹೋಗುವಾಗ ಸೇತುವೆ ಜಾಯಿಂಟ್ ದಾಟಿದ ಮೇಲೆ ಹಿಂದೆ ತೂಗಾಡುವುದು ನಿಂತಿತು. ಮಾಲೀಕರಿಗೆ ಸಮಾಧಾನವಾಯಿತು.

ಆದರೆ ಲೋಡ್ ಹಾಕಿದಾಗ ಹಂಪ್‌ಗೆ ತಳ ತಾಗುವುದು ನಿಲ್ಲಲಿಲ್ಲ. ಗುಂಡಿಗೆ ಇಳಿದರೆ ಹಿಂದಿನಿಂದ ಧಡ್ ಅಂತ ಹೊಡೆತ. ಹೊಸ ಶಾಕ್ ಹಾಕಿಯೂ ಹೀಗೆ ಯಾಕೆ ಅಂತ ಕೇಳಿದರೆ, ಲೋಡ್ ಜಾಸ್ತಿ ಎಂಬ ಉತ್ತರ ಬಂತು.

ಇಲ್ಲಿ ಸ್ವಲ್ಪ ನಿಂತು ಹೇಳಲೇಬೇಕು. ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಗಾಡಿ ನೆಲದಿಂದ ಎಷ್ಟು ಎತ್ತರ ನಿಲ್ಲಬೇಕು ಎಂಬುದನ್ನು ತೀರ್ಮಾನಿಸುವುದೂ ಅದೇ. ಶಾಕ್ ಭಾರ ಹೊರುವುದಿಲ್ಲ. ಒಳಗಿನ ಪಿಸ್ಟನ್ ಸಣ್ಣ ವಾಲ್ವುಗಳ ಮೂಲಕ ಆಯಿಲನ್ನು ತಳ್ಳಬೇಕಾಗುತ್ತದೆ. ಹಾಗೆ ತಳ್ಳುವಾಗ ಸ್ಪ್ರಿಂಗಿನ ಕುಣಿತ ಬಿಸಿಯಾಗಿ ಮುಗಿದುಹೋಗುತ್ತದೆ. ಗ್ಯಾಸ್ ಶಾಕ್‌ನ ಗ್ಯಾಸ್ ಗಾಡಿಯನ್ನು ಮೇಲೆತ್ತುವುದು ತೀರಾ ಸ್ವಲ್ಪ. ಆ ಗ್ಯಾಸ್ ಇರುವುದು ಮುಖ್ಯವಾಗಿ ಆಯಿಲ್ ನೊರೆಯಾಗದಿರಲಿ ಅಂತ. ಹಾಗಾಗಿ ಕುಗ್ಗಿದ ಸ್ಪ್ರಿಂಗ್ ಜೊತೆ ಹೊಸ ಶಾಕ್ ಹಾಕಿದರೆ ತೂಗಾಟ ನಿಲ್ಲುತ್ತದೆ, ಎತ್ತರ ಬರುವುದಿಲ್ಲ. ಕೆಳಗೇ ಕೂತ ಗಾಡಿಗೆ ಇಳಿಯಲು ಉಳಿಯುವ ಜಾಗ ಕಡಿಮೆ. ಗುಂಡಿ ಬಂದಾಗ ಬಂಪ್ ಸ್ಟಾಪ್ ರಬ್ಬರಿಗೆ ಹೊಡೆಯುತ್ತದೆ. ಆ ಧಡ್ ಶಬ್ದ ಅದೇ.

ಮುಂದಿನ ಸಲಹೆ ಬಂದದ್ದು ಇನ್ನೊಬ್ಬ ಡ್ರೈವರ್‌ನಿಂದ: ಬಫರ್ ಹಾಕಿಸು. ಸ್ಪ್ರಿಂಗಿನ ಎರಡು ಸುತ್ತುಗಳ ನಡುವೆ ತುರುಕುವ ರಬ್ಬರ್ ಅಥವಾ ಪ್ಲಾಸ್ಟಿಕ್ ಬಳೆ ಅದು. ಎರಡೂ ಕಡೆ ಹಾಕಲು 1,500 ಆಯಿತು, ಅರ್ಧ ಗಂಟೆಯ ಕೆಲಸ. ಹಿಂಭಾಗ ಎದ್ದು ನಿಂತಿತು, ಹಂಪ್‌ಗೆ ತಾಗುವುದು ನಿಂತಿತು. ಮಾಲೀಕರು ಬೇರೆಯವರಿಗೂ ಹೇಳಿ ಹಾಕಿಸಿದರಂತೆ.

ಬಫರ್ ಕೆಲಸ ಮಾಡುವ ರೀತಿ ಗೊತ್ತಿದ್ದರೆ ಅದರ ಬೆಲೆಯೂ ಗೊತ್ತಾಗುತ್ತದೆ. ಸ್ಪ್ರಿಂಗಿನ ಬಿಗಿ ಎಷ್ಟು ಎಂಬುದು ಕಂಬಿಯ ದಪ್ಪ, ಸುತ್ತಿನ ಅಗಲ, ಮತ್ತು ನಿಜವಾಗಿ ಕುಗ್ಗಿ ಹಿಗ್ಗುವ ಸುತ್ತುಗಳ ಸಂಖ್ಯೆ ಮೇಲೆ ನಿಂತಿದೆ. ಬಫರ್ ಒಂದು ಸುತ್ತನ್ನು ಕಟ್ಟಿಹಾಕುತ್ತದೆ. ಐದು ಸುತ್ತು ಕೆಲಸ ಮಾಡುತ್ತಿದ್ದ ಸ್ಪ್ರಿಂಗಿನಲ್ಲಿ ನಾಲ್ಕು ಉಳಿದರೆ ಬಿಗಿ ಕಾಲುಭಾಗ ಜಾಸ್ತಿಯಾಗುತ್ತದೆ. ಶಾಕ್ ಮಾತ್ರ ಹಳೆಯ ಬಿಗಿಗೆ ಹೊಂದುವಂತೆ ಮಾಡಿದ್ದು. ಖಾಲಿ ಗಾಡಿ ಪುಟಿಯುತ್ತದೆ. ಅದಕ್ಕಿಂತ ಮುಖ್ಯ, ಚಕ್ರ ಅಷ್ಟೇ ಮೇಲೆ ಕೆಳಗೆ ಆಡಿದರೂ ಆ ಕುಗ್ಗುವಿಕೆಯನ್ನು ಈಗ ನಾಲ್ಕೇ ಸುತ್ತು ಹಂಚಿಕೊಳ್ಳಬೇಕು. ಹೊಸ ಸ್ಪ್ರಿಂಗ್ ಆದರೆ ಹೇಗೋ ತಡೆದೀತು. 2 ಲಕ್ಷ ದಾಟಿದ, ತುಕ್ಕು ಹಿಡಿದ ಸ್ಪ್ರಿಂಗಿಗೆ ಇದು ಹೊರೆ.

ಜಗಳೂರು ರಸ್ತೆಯಲ್ಲಿ

2.4 ಲಕ್ಷದ ಹತ್ತಿರ, ಮದುವೆ ಬಾಡಿಗೆ ಮುಗಿಸಿ ಜಗಳೂರು ಕಡೆಯಿಂದ ವಾಪಸ್ ಬರುವಾಗ ಟಣ್ ಎಂಬ ಶಬ್ದ. ಗಾಡಿ ಎಡಕ್ಕೆ ವಾಲಿತು. ಹಿಂದಿನ ಎಡ ಸ್ಪ್ರಿಂಗ್ ಕೆಳಗಿನ ಸುತ್ತಿನಲ್ಲಿ ತುಂಡಾಗಿತ್ತು. ಒಳಗೆ ಜನ ಇದ್ದರು, ಯಾರಿಗೂ ಏನೂ ಆಗಲಿಲ್ಲ. ಅವರನ್ನು ಬೇರೆ ಗಾಡಿಗೆ ಹತ್ತಿಸಿ, ಮಾಲೀಕರು ಮೆಲ್ಲಗೆ ಓಡಿಸಿಕೊಂಡು ದಾವಣಗೆರೆಗೆ ತಂದರು. ಹಿಂದಿನ ಸ್ಪ್ರಿಂಗ್ ಒಳಗಡೆ ಇರುವ ಗಾಡಿಯಾದ್ದರಿಂದ ಬಚಾವ್. ಮುಂದಿನ ಸ್ಟ್ರಟ್ಟಿನ ಸ್ಪ್ರಿಂಗ್ ಹೀಗೆ ಮುರಿದರೆ ತುದಿ ಟೈರಿಗೆ ಚುಚ್ಚುವ ಅಪಾಯ ನಿಜವಾಗಿ ಇದೆ. ಅಂಥ ಗಾಡಿಯನ್ನು ಓಡಿಸಲೇಬಾರದು, ಎಳೆಸಿಕೊಂಡೇ ಬರಬೇಕು.

ಈ ಸಲ ಬಂದದ್ದು ಬೇರೆ ಗ್ಯಾರೇಜಿಗೆ. ಇಲ್ಲಿಂದ ನಾನು ನೋಡಿದ್ದು. ಮುರಿದ ತುಂಡನ್ನು ಮೇಸ್ತ್ರಿ ಬಟ್ಟೆಯಲ್ಲಿ ಒರೆಸಿ ಹುಡುಗರ ಕೈಗೆ ಕೊಟ್ಟರು. ಮುರಿದ ಮುಖದಲ್ಲಿ ಒಂದು ಮೂಲೆ ಕಪ್ಪಗೆ ತುಕ್ಕಾಗಿತ್ತು, ಉಳಿದದ್ದು ಬೆಳ್ಳಗೆ ಹೊಳೆಯುತ್ತಿತ್ತು. ಕಪ್ಪಗಿದ್ದದ್ದು ಹಳೆಯ ಬಿರುಕು, ಹೊಳೆಯುತ್ತಿದ್ದದ್ದು ಅವತ್ತು ಮುರಿದದ್ದು. ಅಂದರೆ ಬಿರುಕು ಬಿಟ್ಟು ಸಾಕಷ್ಟು ಕಾಲವಾಗಿತ್ತು. ಕೆಳಗಿನ ಸುತ್ತು ಕೂರುವ ಜಾಗದಲ್ಲಿ ಮಣ್ಣು, ನೀರು ನಿಲ್ಲುತ್ತದೆ, ಬಣ್ಣ ಎದ್ದು ತುಕ್ಕು ಕಚ್ಚುತ್ತದೆ, ಆ ತುಕ್ಕಿನ ಗುಳಿಯಿಂದ ಬಿರುಕು ಶುರುವಾಗುತ್ತದೆ. ಬಫರ್ ಒಂದನ್ನೇ ದೂರುವುದು ನ್ಯಾಯವಲ್ಲ. ಆದರೆ ಬಿರುಕು ಬಿಟ್ಟ ಸ್ಪ್ರಿಂಗ್ ಮೇಲೆ ಅದು ಹೊರೆ ಹೇರಿತು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಮಾಲೀಕರ ಮಾತು ಹೀಗಿತ್ತು: "ಒಂದ್ ಕಡೇದು ಅಷ್ಟೇ ಅಲ್ವಾ ಅಣ್ಣ ಮುರ್ದಿರೋದು? ಗುಜರಿಯಾಗೆ ಒಂದು ಸಿಕ್ರೆ ಹಾಕ್ರಿ. ಮದ್ವೆ ಸೀಜನ್ ಮುಗೀಲಿ, ಆಮೇಲೆ ನೋಡಾಣ."

ಮೇಸ್ತ್ರಿ ಬೈಯಲಿಲ್ಲ. "ಹಾಕ್ತೀನಿ ತಮ್ಮಾ, ನಂದೇನು. ಒಂದ್ ಕಾಲು ಉದ್ದ ಒಂದ್ ಕಾಲು ಗಿಡ್ಡ ಆಗ್ತತಿ. ಜನ ತುಂಬ್ಕೊಂಡು ಹೈವೇನಾಗೆ ಬ್ರೇಕ್ ಹಿಡ್ದಾಗ ಗಾಡಿ ಎತ್ಲಾಗ್ ಎಳೀತತಿ ನೀನೇ ನೋಡ್ಬೇಕು. ಮೊದ್ಲು ಅಳತೆ ಹಿಡಿಯಾಣ ಇರು."

ಟೇಪು ಹಿಡಿದಾಗ

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಖರ್ಚಾದದ್ದು ಏನೂ ಇಲ್ಲ, ಬೇಕಾದದ್ದು ಒಂದು ಟೇಪು ಮಾತ್ರ. ಗಾಡಿಯನ್ನು ಸಮ ನೆಲದಲ್ಲಿ ಖಾಲಿ ನಿಲ್ಲಿಸಿ, ಟೈರುಗಳಿಗೆ ಸರಿಯಾಗಿ ಗಾಳಿ ತುಂಬಿ, ಚಕ್ರದ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆದರು. ನೆಲದಿಂದ ಅಳೆದರೆ ಟೈರಿನ ಸವೆತ, ಗಾಳಿ ಎಲ್ಲ ಲೆಕ್ಕ ಕೆಡಿಸುತ್ತವೆ. ಚಕ್ರದ ಮಧ್ಯದಿಂದ ಅಳೆದರೆ ಆ ಗೊಂದಲ ಇಲ್ಲ. ಬಲ ಸ್ಪ್ರಿಂಗಿನ ಬಫರ್ ಮೊದಲೇ ತೆಗೆಸಿದ್ದರು, ಗಾಡಿಯನ್ನು ಒಂದಷ್ಟು ಮುಂದೆ ಹಿಂದೆ ಉರುಳಿಸಿ ಕೂರಿಸಿದ್ದರು.

ಹಿಂದೆ ಬಲ 346 ಮಿ.ಮೀ. ಎಡ ಮುರಿದದ್ದರಿಂದ 322. ಮುಂದೆ ಎಡ 372, ಬಲ 374. ಇವು ಸುಮ್ನೆ ಅಂಕಿಗಳು, ಹೋಲಿಸಲು ಏನಾದರೂ ಬೇಕಲ್ಲ. ಅದೇ ಮಾಡೆಲ್‌ನ, ಕಡಿಮೆ ಓಡಿದ, ಮನೆ ಬಳಕೆಯ ಕಾರೊಂದು ಸರ್ವೀಸಿಗೆ ಬಂದಿತ್ತು. ಮೇಸ್ತ್ರಿ ಅದನ್ನೂ ಅಳೆದರು. ಹಿಂದೆ 373, ಮುಂದೆ 381.

ಮುರಿಯದ ಬಲಗಡೆಯೇ 27 ಮಿ.ಮೀ. ಕೆಳಗಿತ್ತು. ಮಾಲೀಕರು ಟೇಪನ್ನು ತಾವೇ ಹಿಡಿದು ಇನ್ನೊಮ್ಮೆ ನೋಡಿದರು. ಗುಜರಿ ಮಾತು ಅಲ್ಲಿಗೆ ನಿಂತಿತು. ಮುರಿದದ್ದು ಒಂದು, ಹೋದದ್ದು ಎರಡೂ ಅಂತ ಅವರಿಗೆ ತಾವೇ ಕಂಡಿತು. ಆಮೇಲೆ ಹಳೆಯ ಬಲ ಸ್ಪ್ರಿಂಗನ್ನು ಹೊಸದರ ಪಕ್ಕ ನಿಲ್ಲಿಸಿದಾಗ ಸುಮಾರು 2 ಸೆಂ.ಮೀ. ಗಿಡ್ಡ ಇತ್ತು. ಸ್ಪ್ರಿಂಗ್ ಮೆತ್ತಗಾಗಿದೆ ಎಂದು ಜನ ಹೇಳುತ್ತಾರೆ. ಬಿಗಿ ಅಷ್ಟೇನೂ ಬದಲಾಗಿರುವುದಿಲ್ಲ, ಉದ್ದ ಕಡಿಮೆಯಾಗಿರುತ್ತದೆ. ವರ್ಷಗಟ್ಟಲೆ ಭಾರ ಹೊತ್ತ ಉಕ್ಕು ಪೂರ್ತಿಯಾಗಿ ಹಳೆಯ ಉದ್ದಕ್ಕೆ ಮರಳುವುದಿಲ್ಲ.

ಬಿಚ್ಚಿದಾಗ ಸಿಕ್ಕಿದ್ದು

ಒಂದೂವರೆ ವರ್ಷದ ಹಿಂದೆ ಹಾಕಿದ್ದ ಹಿಂದಿನ ಶಾಕ್‌ಗಳನ್ನು ಉಳಿಸಿಕೊಳ್ಳುವ ಆಸೆ ಇತ್ತು. ಬಲಗಡೆಯದು ಆಗಲೇ ಆಯಿಲ್ ಬಿಟ್ಟಿತ್ತು. ಧೂಳಿನ ಕವರ್ ಎತ್ತಿ ನೋಡಿದರೆ ಶಾಕ್‌ನ ಒಳಗೆ ಹೊರಗೆ ಆಡುವ ರಾಡಿನ ಹೊಳಪಿನ ಮೇಲೆ ಪ್ಲಾಯರ್ ಹಲ್ಲಿನ ಗುರುತು. ಮೇಲಿನ ನಟ್ಟು ಬಿಗಿಯುವಾಗ ರಾಡ್ ಜೊತೆಗೇ ತಿರುಗುತ್ತದೆ. ಅದಕ್ಕೆ ರಾಡಿನ ತುದಿಯಲ್ಲಿ ಸ್ಪ್ಯಾನರ್ ಹಿಡಿಯಲು ಜಾಗ ಕೊಟ್ಟಿರುತ್ತಾರೆ. ಅದನ್ನು ಬಿಟ್ಟು ಯಾರೋ ಕೆಳಗೆ ಪ್ಲಾಯರ್ ಹಾಕಿ ಹಿಡಿದಿದ್ದಾರೆ. ಗಾಡಿ ಮಟ್ಟ ಸರಿ ಇದ್ದಿದ್ದರೆ ಆ ಗೀರು ಆಯಿಲ್ ತಡೆಯುವ ಸೀಲಿನ ಹತ್ತಿರ ಅಪರೂಪಕ್ಕೆ ಬರುತ್ತಿತ್ತು. ಕುಗ್ಗಿದ ಗಾಡಿಯಲ್ಲಿ ರಾಡ್ ಪ್ರತಿ ಗುಂಡಿಗೂ ಪೂರ್ತಿ ಒಳಗೆ ಹೋಗಿದೆ, ಗೀರು ಸೀಲನ್ನು ಕೊರೆದಿದೆ. ಎರಡು ತಪ್ಪು ಸೇರಿ ಒಂದು ಶಾಕ್ ತಿಂದವು. ಅಂಗಡಿಯವರು ಆ ಗುರುತು ನೋಡಿ ವಾರಂಟಿ ಕೊಡಲಿಲ್ಲ. ಹೊಸ ಜೋಡಿಯನ್ನೇ ತರಬೇಕಾಯಿತು.

ಮುಂಭಾಗದ್ದು ಇನ್ನೂ ಕಲಿಸುವಂಥದ್ದು. ಬಾನೆಟ್ ಒತ್ತಿ ಬಿಟ್ಟು ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಮುಂಭಾಗ ಒಂದೇ ಸಲ ಎದ್ದು ನಿಂತಿತು, ಪಾಸ್. ಆಯಿಲ್ ಸೋರಿಕೆಯೂ ಇರಲಿಲ್ಲ. ಮಾಲೀಕರು ಮುಂದಿನದು ಬೇಡ ಎಂದರು. ಆದರೆ ಜೋರಾಗಿ ಬ್ರೇಕ್ ಹಾಕಿದರೆ ಮೂತಿ ನೆಲಕ್ಕೆ ಬಗ್ಗುತ್ತಿತ್ತು, ಸ್ಟೇರಿಂಗ್ ತಿರುಗಿಸಿದರೆ ಮೇಲಿನಿಂದ ಕಟಕಟ ಬರುತ್ತಿತ್ತು. ಮೇಸ್ತ್ರಿ ಒಂದು ಸ್ಟ್ರಟ್ ಇಳಿಸಿ, ಸ್ಪ್ರಿಂಗ್ ತೆಗೆದು, ರಾಡನ್ನು ಕೈಯಲ್ಲಿ ಒತ್ತಿ ತೋರಿಸಿದರು. ನಡುವೆ ಒಂದಷ್ಟು ದೂರ ಯಾವ ತಡೆಯೂ ಇಲ್ಲದೆ ಜಾರಿಹೋಯಿತು. ಮೇಲಿನ ಮೌಂಟ್ ಬೇರಿಂಗ್ ಒಳಗೆ ಮಣ್ಣು ಕರಕರ ಎನ್ನುತ್ತಿತ್ತು. ಕೈಯಿಂದ ಒತ್ತುವ ಪರೀಕ್ಷೆ ಪೂರ್ತಿ ಸತ್ತ ಶಾಕನ್ನು ಮಾತ್ರ ಹಿಡಿಯುತ್ತದೆ. ಅರ್ಧ ಸತ್ತದ್ದು ಅದರಲ್ಲಿ ಪಾಸಾಗಿಬಿಡುತ್ತದೆ.

ಮುಂದಿನ ಸ್ಪ್ರಿಂಗ್ ಬಗ್ಗೆ ನನಗೂ ಮಾಲೀಕರಿಗೂ ಅಭಿಪ್ರಾಯ ಬೇರೆ ಇತ್ತು. ಕುಗ್ಗಿದ್ದು 7ರಿಂದ 9 ಮಿ.ಮೀ. ಅಷ್ಟೇ. ಆದರೆ ಸ್ಟ್ರಟ್ ಹೇಗೂ ಬಿಚ್ಚಿದೆ, ಕೂಲಿ ಒಂದೇ, ಈಗಲೇ ಹಾಕಿಬಿಡುವುದು ಒಳ್ಳೆಯದು ಎಂದು ನಾನು ಹೇಳಿದೆ. ಅವರ ಕೈಯಲ್ಲಿ ಅಷ್ಟು ದುಡ್ಡು ಇರಲಿಲ್ಲ. ಸ್ಪ್ರಿಂಗ್ ತೊಳೆದು, ಕೆಳಗಿನ ಸುತ್ತನ್ನು ಬೆಳಕಿನಲ್ಲಿ ತಿರುಗಿಸಿ ನೋಡಿದರು. ಬಣ್ಣ ಒಂದೆರಡು ಕಡೆ ಎದ್ದಿತ್ತು, ಗುಳಿ ಇರಲಿಲ್ಲ. ಉಜ್ಜಿ ಬಣ್ಣ ಹಚ್ಚಿ ಹಳೆಯದನ್ನೇ ಹಾಕಿದರು. ನೋಡಿ, ಅಳೆದು, ತಿಳಿದು ಮಾಡಿದ ಉಳಿತಾಯ ಅದು. ಅದನ್ನು ತಪ್ಪು ಎನ್ನಲಾರೆ.

ಜೋಡಣೆ

ಹಿಂದೆ ಕೆಲಸ ಸುಲಭ. ಬೀಮಿನ ಕೆಳಗೆ ಜಾಕ್ ಕೊಟ್ಟು, ಶಾಕ್ ಬೋಲ್ಟ್ ಬಿಚ್ಚಿ, ಬ್ರೇಕ್ ಹೋಸ್ ಎಳೆಯದಂತೆ ನೋಡಿಕೊಂಡು ಮೆಲ್ಲಗೆ ಇಳಿಸಿದರೆ ಸ್ಪ್ರಿಂಗ್ ಕೈಗೇ ಬರುತ್ತದೆ. ಮುಂದೆ ಹಾಗಲ್ಲ. ಸ್ಟ್ರಟ್ಟಿನ ಸ್ಪ್ರಿಂಗ್ ಒತ್ತಿದ ಸ್ಥಿತಿಯಲ್ಲೇ ಇರುತ್ತದೆ. ಮೇಲಿನ ನಟ್ಟನ್ನು ಸುಮ್ನೆ ಬಿಚ್ಚಿದರೆ ಅದು ಗುಂಡಿನ ಹಾಗೆ ಹಾರುತ್ತದೆ. ಕೊಕ್ಕೆಯ ಕಂಪ್ರೆಸರ್ ಎದುರು ಬದುರು ಎರಡು ಹಾಕಿ, ಒಂದೊಂದು ಕಡೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಹೊಸ ಹುಡುಗನೊಬ್ಬ ಅದಕ್ಕೆ ನಟ್ಟು ಬಿಗಿಯುವ ಗಾಳಿ ಗನ್ ಹಿಡಿಯಲು ಹೋದ. ಮೇಸ್ತ್ರಿ ಕೈ ಹಿಡಿದು ನಿಲ್ಲಿಸಿದರು. ಗನ್ನಿನ ಏಟಿಗೆ ಥ್ರೆಡ್ ಕಿತ್ತು ಕೊಕ್ಕೆ ಜಾರಿದರೆ ಎದುರಿಗಿರುವ ಮುಖ ಉಳಿಯುವುದಿಲ್ಲ. ತಂತಿ, ಹಗ್ಗ ಕಟ್ಟಿ ಸ್ಪ್ರಿಂಗ್ ಬಿಚ್ಚುವ ಅಭ್ಯಾಸ ಇನ್ನೂ ಕೆಲವು ಕಡೆ ಇದೆ. ದಯವಿಟ್ಟು ಅಂಥ ಕಡೆ ಕೆಲಸ ಕೊಡಬೇಡಿ.

ಮುಂದಿನ, ಹಿಂದಿನ ಹೊಸ ಶಾಕ್‌ಗಳನ್ನು ನೆಟ್ಟಗೆ ನಿಲ್ಲಿಸಿ ಕೆಲವು ಸಲ ಪೂರ್ತಿ ಒತ್ತಿ, ಎಳೆದು, ಒಳಗಿನ ಗಾಳಿ ಮೇಲೆ ಬರುವಂತೆ ಮಾಡಿದರು. ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಧೂಳಿನ ಕವರ್ ಎಲ್ಲ ಹೊಸದು. ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮ್‌ನ ರಬ್ಬರ್ ಬುಷ್ ಒಡೆದಿದ್ದವು, ಅವನ್ನೂ ಬದಲಿಸಿದರು.

ಬುಷ್ ಬೋಲ್ಟುಗಳನ್ನು ಮಾತ್ರ ಗಾಡಿ ಎತ್ತಿದಾಗ ಪೂರ್ತಿ ಬಿಗಿಯಲಿಲ್ಲ. ಗಾಡಿ ಇಳಿಸಿ, ಅಲುಗಾಡಿಸಿ, ಭಾರ ಚಕ್ರದ ಮೇಲೆ ಬಂದ ಮೇಲೆ ಬಿಗಿದರು. ಚಕ್ರ ನೇತಾಡುವಾಗ ಬಿಗಿದರೆ ರಬ್ಬರು ಆ ಸ್ಥಿತಿಯಲ್ಲೇ ಹಿಡಿದುಕೊಳ್ಳುತ್ತದೆ. ಗಾಡಿ ಇಳಿದಾಗ ತಿರುಚಿಕೊಂಡೇ ನಿಲ್ಲುತ್ತದೆ, ಬೇಗ ಹರಿಯುತ್ತದೆ. ಕೊನೆಗೆ ವೀಲ್ ಅಲೈನ್‌ಮೆಂಟ್. ಸ್ಟ್ರಟ್ ಬೋಲ್ಟ್ ಬಿಚ್ಚಿದ ಮೇಲೆ ಚಕ್ರದ ವಾಲು ಬದಲಾಗುವುದರಿಂದ ಅದನ್ನು ಬಿಡುವ ಹಾಗಿಲ್ಲ.

ಒಟ್ಟು 24,600 ರೂಪಾಯಿ. ಅದರಲ್ಲಿ ಕೂಲಿ 4,000. ಇದಕ್ಕೆ ಮೊದಲು ಬೇರಿಂಗ್, ಶಾಕ್, ಬಫರ್ ಅಂತ ಹೋಗಿದ್ದು 9,600.

ಆಮೇಲೆ

ಮೊದಲ ವಾರವೇ ಮಾಲೀಕರು ಸಿಟ್ಟಿನಿಂದ ಬಂದರು. ಇಷ್ಟು ದುಡ್ಡು ಹಾಕಿದರೂ ಹಿಂದಿನ ಗುಂಯ್ ಹಾಗೇ ಇದೆ! ಹಾಗೇ ಇರಲೇಬೇಕಿತ್ತು. ಉಬ್ಬು ತಗ್ಗಾದ ಟೈರುಗಳು ಇನ್ನೂ ಅವೇ ಇದ್ದವು. ಹೊಸ ಶಾಕ್ ಹೊಸ ಸವೆತ ತಡೆಯುತ್ತದೆ, ಆಗಿಹೋದ ಸವೆತವನ್ನು ಸರಿಮಾಡುವುದಿಲ್ಲ. ಇದನ್ನು ಗಾಡಿ ಕೊಡುವಾಗಲೇ ಹೇಳಬೇಕಿತ್ತು ಎಂದು ಮೇಸ್ತ್ರಿ ಒಪ್ಪಿಕೊಂಡರು. ಮಾಲೀಕರು ಸ್ವಲ್ಪ ತಿಂಗಳು ತಡೆದು ಹಿಂದಿನ ಎರಡು ಟೈರ್ ಬದಲಿಸಿದರು. ಶಬ್ದ ಅವತ್ತೇ ಹೋಯಿತು.

ಹಿಂಭಾಗದ ಎತ್ತರ ಕೆಲಸ ಮುಗಿದ ದಿನ 374 ಮತ್ತು 373. ಒಂದು ತಿಂಗಳ ನಂತರ 370, 369ಕ್ಕೆ ಕೂತು ಅಲ್ಲೇ ನಿಂತಿತು. ಹೊಸ ಸ್ಪ್ರಿಂಗ್ ಮೊದಲು ಸ್ವಲ್ಪ ಕೂರುವುದು ಸಹಜ, ಅದಕ್ಕೆ ಹೆದರಬೇಕಾಗಿಲ್ಲ. ಹೆಡ್‌ಲೈಟ್ ಸ್ವಿಚ್ಚು ಖಾಲಿ ಗಾಡಿಯಲ್ಲಿ ಸೊನ್ನೆಗೆ ಬಂತು. ಐದು ಜನ ಕೂತಾಗ ಮಾತ್ರ ಇಳಿಸುತ್ತಾರೆ. ಲೋಡಿನಲ್ಲೂ ಧಡ್ ಶಬ್ದ ಇಲ್ಲ.

ಮಾಲೀಕರು ಈಗ ಟ್ರಿಪ್ ಬುಕ್ಕಿನ ಹಿಂದಿನ ಪುಟದಲ್ಲಿ ನಾಲ್ಕೂ ಚಕ್ರದ ಅಳತೆ ಬರೆದಿಟ್ಟುಕೊಂಡಿದ್ದಾರೆ. ಆಯಿಲ್ ಬದಲಿಸಲು ಬಂದಾಗಲೆಲ್ಲ ಟೇಪು ಹಿಡಿಯುತ್ತಾರೆ. ಮುಂಭಾಗದ ಸ್ಪ್ರಿಂಗಿಗೆ ಮೇಸ್ತ್ರಿ ಮಿತಿ ಹಾಕಿಕೊಟ್ಟಿದ್ದಾರೆ: ಎರಡು ಕಡೆಗೂ ವ್ಯತ್ಯಾಸ 10 ಮಿ.ಮೀ. ದಾಟಿದರೆ, ಇಲ್ಲವೇ ಯಾವುದಾದರೂ ಕಡೆ 365ಕ್ಕಿಂತ ಕೆಳಗಿಳಿದರೆ, ಅಥವಾ ಕೆಳಗಿನ ಸುತ್ತಿನಲ್ಲಿ ತುಕ್ಕಿನ ಗುಳಿ ಕಂಡರೆ, ಜೋಡಿಯನ್ನೇ ಬದಲಿಸುವುದು. ಕಳೆದ ಸಲ ಅಳೆದಾಗ 370 ಮತ್ತು 373 ಇತ್ತು. ಮುಂದಿನ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಗಾಡಿ ತಯಾರು ಮಾಡುವಾಗ ಹಾಕಿಸಲೆಂದು ಬಾಡಿಗೆ ದುಡ್ಡಿನಲ್ಲಿ ಸ್ವಲ್ಪ ಬೇರೆ ತೆಗೆದಿಡುತ್ತಿದ್ದಾರೆ.